ಎದೆ ಧಸಕ್ಕೆಂದಾಗ

ಹಾನಗಲ್ಲ ತಾಲೂಕಿನ ತಿಳವಳ್ಳಿಯಲ್ಲಿ, ಮುಸ್ಸಂಜೆಯ ಹೊತ್ತು ಬತ್ತದ ಗದ್ದೆಯ ಬದುವಿನ ಮೇಲೆ ನಡೆಯುವವನ ಕಾಲ ಬಳಿ ಏನೋ ಸರಕ್ಕನೆ ಹರಿಯಿತೆನ್ನಿ. ಆಗ ಬಾಯಿಂದ ಹೊರಡುವುದು ಹಾವಿನ ಹೆಸರಲ್ಲ; “ಯವ್ವಾ!” ಎಂಬ ಕೂಗು. ಕಣ್ಣು ಅಪಾಯವನ್ನು ಗುರುತಿಸುವ ಮುನ್ನವೇ ನಾಲಿಗೆ ತಾಯಿಯನ್ನು ಕರೆದಿರುತ್ತದೆ. ಮನೆಗೆ ಬಂದ ಮೇಲೆ ಅವನು, “ಎದಿ ಧಸಕ್ಕಂತು, ಕೈಕಾಲು ತಣ್ಣಗಾದುವು” ಎನ್ನುತ್ತಾನೆ. ಆ ಮಾತಿನಲ್ಲಿ ‘ಭಯ’ವೆಂಬ ಶಬ್ದವೇ ಇಲ್ಲ.

ಭಯವನ್ನು ಆಲಂಕಾರಿಕರು ಭಯಾನಕರಸದ ಸ್ಥಾಯಿಭಾವವೆಂದರು. ಮನೆಮಾತಾದರೋ ಅದನ್ನು ಹಲವು ಬಗೆಯಾಗಿ ವಿಂಗಡಿಸಿತು. ಕಂಡರಿತ ಅಪಾಯಕ್ಕೆ ‘ಅಂಜಿಕೆ’. ಸಾಲಗಾರ ಸಾಹುಕಾರನಿಗೆ ಅಂಜುತ್ತಾನೆ. ಕಾರಣ ತಿಳಿಯದೆ ಮನಸ್ಸನ್ನು ಕವಿಯುವುದು ‘ದಿಗಿಲು’. ಮಗ ಹೊತ್ತಿಗೆ ಮನೆ ಸೇರದಿದ್ದರೆ ತಾಯಿಯನ್ನು ಕಾಡುವುದು ಇದೇ. ಮಾಡಲೆಂದು ಹೊರಟ ಕೆಲಸದಲ್ಲಿ ಹಿಂಜರಿಸುವುದು ‘ಅಳುಕು’. ಕ್ಷಣಮಾತ್ರ ಮೈಯನ್ನು ಕುಲುಕುವುದು ‘ಬೆಚ್ಚುವುದು’; ತೊಟ್ಟಿಲ ಕೂಸೂ ನಿದ್ರೆಯಲ್ಲಿ ಬೆಚ್ಚುತ್ತದೆ.

ಈ ಬೆಚ್ಚು ಹಳಗನ್ನಡದಲ್ಲಿ ‘ಬೆರ್ಚು’ ಎಂದಿತ್ತು. ‘ಇರ್ದು’ ಎಂಬುದು ‘ಇದ್ದು’ ಆದಂತೆ ಇದೂ ರೇಫವನ್ನು ಕಳೆದುಕೊಂಡಿತು. ಹೊಲ ಕಾಯುವ ಬೆದರುಗೊಂಬೆಗೆ ಕೆಲವೆಡೆ ಇರುವ ‘ಬೆರ್ಚಪ್ಪ’ನೆಂಬ ಹೆಸರಿನಲ್ಲಿ ಮಾತ್ರ ಆ ಹಳೆಯ ರೂಪ ಇನ್ನೂ ನಿಂತಿದೆ. ತಿಳವಳ್ಳಿಯ ಶಾಂತೇಶ್ವರ ಗುಡಿ 1238ರದು. ಈ ಶಬ್ದ ಅದಕ್ಕಿಂತಲೂ ಹಿರಿದು! ಹೊರಗಿನಿಂದ ಬಂದ ನೆಂಟರೂ ಉಂಟು: ‘ಗಾಬರಿ’ ಮರಾಠಿಯ ‘ಘಾಬರಣೆ’ಯ ಬಳಗದ್ದು, ಮಾತೇ ಹೊರಡದಂತೆ ಮಾಡುವ ‘ದಂಗು’ ಫಾರಸಿಯದು.

ಹೆದರಿಕೆಯ ಅತಿಶಯಕ್ಕೆ ಮರಣವನ್ನೇ ಅಳತೆಗೋಲಾಗಿಸುವುದು ಕನ್ನಡಿಗರ ರೂಢಿ ಮಾತ್ರವಲ್ಲ. ಇಲ್ಲಿ “ಜೀವ ಹೋದಂಗಾತು” ಎಂದರೆ, ದೂರದ ಹಾಂಗ್‌ಕಾಂಗಿನ ಕ್ಯಾಂಟನೀಸ್ ಭಾಷೆಯವರು ‘ಹಾಕ್ ಸೇ’, ಅಂದರೆ ‘ಸಾಯುವಷ್ಟು ಹೆದರಿಸಿತು’ ಎನ್ನುತ್ತಾರೆ.

ಇಂದು ಪಟ್ಟಣದ ಮನೆಗಳಲ್ಲಿ ಇಷ್ಟಕ್ಕೂ ಎರಡೇ ಮಾತು: ‘ಶಾಕ್ ಆಯಿತು’, ‘ಟೆನ್ಷನ್ ಆಗಿದೆ’. ಪರಭಾಷೆಯ ಪದ ಬಂದುದು ದೋಷವಲ್ಲ. ಗಾಬರಿಯೂ ದಂಗೂ ಹಾಗೆಯೇ ಬಂದು ಮನೆಯವರಾದುವು. ನಷ್ಟವಿರುವುದು ಬೇರೆಡೆ. ಬೆಚ್ಚಿದ ಮಗುವಿಗೆ ಮಡಿಲು ಸಾಕು. ಅಂಜಿದ ಮಗುವಿಗೆ ಧೈರ್ಯ ಬೇಕು. ಅಳುಕುವ ಮಗುವನ್ನು ಬಳಿ ಕೂರಿಸಿಕೊಂಡು ಕಾರಣ ಕೇಳಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಮಗಳು ‘ಟೆನ್ಷನ್’ ಎಂದಳೆನ್ನಿ. ಅದು ಅಂಜಿಕೆಯೋ, ಅಳುಕೋ, ಹೆಸರಿಲ್ಲದ ದಿಗಿಲೋ? ತಾಯಿ ಹೇಗೆ ತಿಳಿಯಬೇಕು? ಔಷಧವಿರುವುದು ಹೆಸರಿನಲ್ಲಿಯೇ, ಹೆಸರು ಮರೆತ ಮನೆಯಲ್ಲಿ ಮಗು ಒಂಟಿಯಾಗಿ ಹೆದರಬೇಕಾಗುತ್ತದೆ.