ಗಂಟಿನೊಳಗಿನ ಗುಟ್ಟು

ಕಲಘಟಗಿ ಕಡೆ ಬೇಡ್ತಿ ಹೊಳೆಯ ದಂಡೆಯಲ್ಲಿ ಹೊಳೆಮತ್ತಿ ಮರ ಸಿಕ್ಕರೆ ಒಂದು ಟೊಂಗೆ ಬಗ್ಗಿಸಿ ನೋಡಿ. ಕೆಲವು ಎಲೆಗಳ ಮೇಲೆ ಸಿಡುಬು ಎದ್ದಂತೆ ಗುಳ್ಳೆಗಳಿರಬಹುದು. ಹಳ್ಳದ ಬದಿಯ ನೇರಳೆಯಲ್ಲೂ ಅಂಥವು ಸಿಕ್ಕಾವು. ಮರಕ್ಕೆ ರೋಗ ಬಡಿಯಿತೆಂದು ಗಾಬರಿ ಬೇಡ. ಒಂದೊಂದು ಗುಳ್ಳೆಯೂ ಒಂದು ಪುಟ್ಟ ಹುಳುವಿನ ಮನೆ.

ಮನೆಯೊಡೆಯ ಜಿಗಿಯುವ ಸಸ್ಯಹೇನು. ವಿಜ್ಞಾನಿಗಳ ಬಾಯಲ್ಲಿ 'ಸಿಲ್ಲಿಡ್'. ಬೆಳೆದರೂ ಕೆಲವೇ ಮಿಲಿಮೀಟರ್ ಉದ್ದ. ಮುಟ್ಟಲು ಹೋದರೆ ಹಿಂಗಾಲು ಝಾಡಿಸಿ ಹಾರುತ್ತದೆ. ಮತ್ತಿಯ ಮೇಲಿನದು ಟ್ರಯೋಜಾ ಫ್ಲೆಚರಿ, ನೇರಳೆಯದು ಟ್ರಯೋಜಾ ಜಂಬೋಲಾನೆ. ಕ್ರಾಫರ್ಡ್ ಎಂಬ ಕೀಟತಜ್ಞ 1912 ಮತ್ತು 1917ರಲ್ಲಿ ಇವಕ್ಕೆ ನಾಮಕರಣ ಮಾಡಿದ.

ಹೆಣ್ಣು ಎಳೆ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಸೂಜಿಯಂಥ ಮೂತಿ ಚುಚ್ಚಿ ರಸ ಹೀರತೊಡಗಿದರೆ ಸಾಕು, ಸುತ್ತಲಿನ ಜೀವಕೋಶಗಳು ಉಬ್ಬಿ, ಹೆಚ್ಚಿ ಅದರ ಸುತ್ತ ಗೋಡೆ ಎಬ್ಬಿಸುತ್ತವೆ. ಇಟ್ಟಿಗೆ, ಗಾರೆ, ಕೂಲಿ ಎಲ್ಲವೂ ಮರದ್ದೇ! ಒಳಗೆ ಊಟಕ್ಕೆ ಕೊರತೆಯಿಲ್ಲ, ಬಿಸಿಲಿನ ಕಾಟವಿಲ್ಲ. ಐದು ಸಲ ಪೊರೆ ಕಳಚಿ ರೆಕ್ಕೆ ಮೂಡಿದ ಮೇಲೆ ಮನೆ ಖಾಲಿ.

ಜೌಗು ನೆಲದ ಗಿಡಗಳನ್ನೂ ಈ ಬಳಗ ಬಿಟ್ಟಿಲ್ಲ. ಯುರೋಪಿನಲ್ಲಿ ಲಿವಿಯಾ ಎಂಬ ಸಿಲ್ಲಿಡ್, ಜಂಕಸ್ ಎಂಬ ಜೊಂಡಿನಂಥ ಗಿಡದ ಹೂಗೊಂಚಲನ್ನು ಕೆಂಪು ಕುಚ್ಚಿನಂತೆ ಮಾಡಿಬಿಡುತ್ತದೆ.

ದೊಡ್ಡ ಮರಕ್ಕೆ ನಾಲ್ಕು ಗುಳ್ಳೆ ಲೆಕ್ಕಕ್ಕಿಲ್ಲ. ಆದರೆ ಮತ್ತಿಯ ಎಲೆ ಮೇಯಿಸಿ ಟಸರ್ ರೇಷ್ಮೆ ತೆಗೆಯುವ ಜಾರ್ಖಂಡದವರಿಗೆ ಈ ಗಂಟು ನಷ್ಟದ ಬಾಬತ್ತು. ಇದೇ ಬಳಗದ ಇನ್ನೊಂದು ಸಿಲ್ಲಿಡ್ ಗಂಟು ಕಟ್ಟುವುದಿಲ್ಲ. ಬದಲಿಗೆ ಲಿಂಬೆ, ಕಿತ್ತಳೆ ತೋಟಗಳನ್ನು ಒಣಗಿಸುವ ರೋಗಾಣು ಹೊತ್ತು ತಿರುಗುತ್ತದೆ.

ಭತ್ತದ ಗದ್ದೆಯಲ್ಲಿ ಕಾಣುವ ಗಂಟಿನ ಕಥೆಯೇ ಬೇರೆ. ಅಲ್ಲಿಯದು ಸಸ್ಯಹೇನಲ್ಲ, ಕಣೆ ನೊಣ. ಅದರ ಮರಿ ಸುಳಿಯೊಳಗೆ ಸೇರಿದರೆ ಎಲೆ ಉಳ್ಳಾಗಡ್ಡಿಯ ಎಲೆಯಂತೆ ಬೆಳ್ಳಗಿನ ಕೊಳವೆಯಾಗುತ್ತದೆ. ಆ ಕವಲಿನಲ್ಲಿ ತೆನೆ ಬರುವುದಿಲ್ಲ. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ಕಾಟ ಹೆಚ್ಚು. ಕೊಳವೆ ಕಂಡ ಮೇಲೆ ಔಷಧಿ ಹೊಡೆದು ಫಲವಿಲ್ಲ. ಅಷ್ಟರಲ್ಲಿ ಒಳಗಿನ ಹುಳು ನೊಣವಾಗಿ ಹಾರಲು ತಯಾರಾಗಿರುತ್ತದೆ. ಮೇಲಾಗಿ, ಕಣೆ ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟು ಅದರ ಸಂತಾನ ಮುಗಿಸುವ ಪ್ಲಾಟಿಗ್ಯಾಸ್ಟರ್ ಎಂಬ ಕಣಜವೂ ಔಷಧಿಗೆ ಬಲಿಯಾಗುತ್ತದೆ.

ಆದ್ದರಿಂದ ಗಂಟು ಕಂಡೊಡನೆ ಪಂಪು ಹೆಗಲಿಗೇರಿಸುವುದು ಬೇಡ. ಮೊದಲು ಬ್ಲೇಡಿನಿಂದ ಸೀಳಿ ನೋಡಿ. ಕಾಲಿರುವ ಚಪ್ಪಟೆ ಮರಿಯೋ, ಕಾಲಿಲ್ಲದ ಹುಳುವೋ? ಒಳಗಿರುವವರು ಯಾರೆಂದು ತಿಳಿದ ಮೇಲಷ್ಟೇ ಖರ್ಚಿನ ಮಾತು.