ಕೊರಕಲು ಇಳಿಯುವವರು ಯಾವುದಕ್ಕೆ ಹೆದರಬೇಕು?

ರೀಯೂನಿಯನ್ ದ್ವೀಪಕ್ಕೆ ಕ್ಯಾನ್ಯನಿಂಗ್ ಮಾಡಲು ಹೊರಟಿದ್ದೇವೆ ಅಂದರೆ ಮನೆಯವರ ಮೊದಲ ಪ್ರಶ್ನೆ ಲಾವಾದ್ದು. ಎರಡನೆಯದು ಹಗ್ಗದ್ದು: "ಅದೇನಾದರೂ ಕಿತ್ತು ಬಂದರೆ?" ಎರಡೂ ಸಹಜವಾದ ಪ್ರಶ್ನೆಗಳೇ. ಆದರೆ ಅಲ್ಲಿ ಹೊಸಬರಿಗೆ ಇವೆರಡರಿಂದ ಪೆಟ್ಟಾಗುವುದು ತೀರಾ ಅಪರೂಪ. ಹೆದರಿಕೆ ಬೇಕು, ಬೇಡವೆಂದಲ್ಲ. ಬೇರೆಲ್ಲೋ ಇರಬೇಕಾದದ್ದು ಇಲ್ಲಿ ಬಂದು ಕೂತಿದೆ, ಅಷ್ಟೇ.

ಹೊಳೆ ಕೊರೆದ ಇಕ್ಕಟ್ಟಾದ ಕಮರಿಯನ್ನು ಮೇಲಿನಿಂದ ಹೊಕ್ಕು, ನೀರು ಹೋದ ದಾರಿಯಲ್ಲೇ ಕೆಳಗಿಳಿಯುವುದು ಕ್ಯಾನ್ಯನಿಂಗ್. ಕಾಲಿಡಲು ಜಾಗ ಇದ್ದಲ್ಲಿ ನಡಿಗೆ, ಮಡು ಸಿಕ್ಕಲ್ಲಿ ಈಜು, ನುಣುಪಾದ ಬಂಡೆ ಸಿಕ್ಕರೆ ಜಾರುವುದು, ಜಲಪಾತ ಎದುರಾದರೆ ಹಗ್ಗ. ಮಾರಿಷಸ್‌ನ ಪಕ್ಕದಲ್ಲಿರುವ, ಫ್ರಾನ್ಸಿಗೆ ಸೇರಿದ ಈ ಪುಟ್ಟ ದ್ವೀಪ ಸುಮಾರು 2,500 ಚದರ ಕಿ.ಮೀ. ಮಾತ್ರ. ಅದರಲ್ಲೇ 3,070 ಮೀಟರ್ ಎತ್ತರದ ಪರ್ವತ, ಅದರ ಮೈಯೆಲ್ಲ ಕೊರಕಲು. ಈ ಆಟಕ್ಕೆ ಇದಕ್ಕಿಂತ ಹೇಳಿಮಾಡಿಸಿದ ಜಾಗ ಸಿಗುವುದು ಕಷ್ಟ. ಅಲ್ಲಿನ ಶಿಖರ, ಕಮರಿಗಳ ಪ್ರದೇಶ 2010ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ.

"ಜ್ವಾಲಾಮುಖಿ ದ್ವೀಪ, ಯಾವಾಗ ಸಿಡಿಯುತ್ತದೋ ಹೇಳಲಿಕ್ಕಾಗದು"

ದ್ವೀಪದಲ್ಲಿ ಎರಡು ಜ್ವಾಲಾಮುಖಿಗಳಿವೆ. ಪಿತೋಂ ದ ಲಾ ಫೂರ್ನೇಜ್ (2,632 ಮೀಟರ್) ಜಗತ್ತಿನ ಅತಿ ಚುರುಕಾದ ಜ್ವಾಲಾಮುಖಿಗಳಲ್ಲೊಂದು, ಆಗಾಗ ಉಕ್ಕುತ್ತಲೇ ಇರುತ್ತದೆ. ಆದರೆ ಅದರ ಲಾವಾ ಸಾಮಾನ್ಯವಾಗಿ ಕುದುರೆಲಾಳದ ಆಕಾರದ, ಜನವಸತಿಯಿಲ್ಲದ ಒಂದು ತಗ್ಗಿನೊಳಗೇ ಹರಿದು ಪೂರ್ವದ ಸಮುದ್ರದತ್ತ ಸಾಗುತ್ತದೆ. 1977ರಲ್ಲಿ ಒಮ್ಮೆ ಗಡಿ ಮೀರಿ ಊರಿಗೆ ನುಗ್ಗಿತ್ತು. ಸೇಂತ್ ರೋಜ್ ಬಳಿಯ ಚರ್ಚಿನ ಬಾಗಿಲವರೆಗೆ ಬಂದು ನಿಂತ ಆ ಲಾವಾವನ್ನು ಪ್ರವಾಸಿಗರು ಇಂದಿಗೂ ನೋಡಬಹುದು. ಆ ಬಳಿಕ ಅಲ್ಲಿ ವೀಕ್ಷಣಾಲಯ ಬಂತು, ಈಗ ಪರ್ವತದ ಮಿಸುಕಾಟವನ್ನು ಹಗಲೂ ರಾತ್ರಿ ಅಳೆಯುತ್ತಾರೆ.

ಹೆಸರಾದ ಕೊರಕಲುಗಳಲ್ಲಿ ಬಹಳಷ್ಟು ಇರುವುದು ಇನ್ನೊಂದು ಪರ್ವತದ ಮಗ್ಗುಲಲ್ಲಿ. ಪಿತೋಂ ದೆ ನೇಜ್ ಸಾವಿರಾರು ವರ್ಷಗಳಿಂದ ತಣ್ಣಗಿದೆ. ಅದರ ಸುತ್ತ ಬಟ್ಟಲಿನಂತೆ ಕುಸಿದ ಮೂರು ಭಾರಿ ಕಣಿವೆಗಳು: ಸಿಲಾವೋಸ್, ಸಲಾಜಿ, ಮಫಾತ್. ನಾನೂರು ತಿರುವುಗಳ ರಸ್ತೆಯೆಂದೇ ಹೆಸರಾದ ದಾರಿ ಹತ್ತಿ ಸಿಲಾವೋಸ್ ಸೇರಿದರೆ ಸಮೀಪದಲ್ಲೇ ಫ್ಲರ್ ಜೋನ್ ಎಂಬ ಕೊರಕಲು. ಸಲಾಜಿಯ ಕಡೆ ಜಾರುಬಂಡೆಗಳಿಗೆ ಹೆಸರಾದ ತ್ರೂ ಬ್ಲಾಂ. ಹೊಸಬರು ಯಾತ್ರೆಯ ಲೆಕ್ಕದಲ್ಲಿ ಲಾವಾವನ್ನು ಬಿಟ್ಟುಬಿಡಬಹುದು. ಹೊಟ್ಟೆ ತೊಳಸುವವರು ಆ ತಿರುವುಗಳಿಗೇ ಹೆದರುವುದು ಒಳ್ಳೆಯದು.

"ನೆತ್ತಿಯ ಮೇಲೆ ನೀಲಿ ಆಕಾಶ, ಇನ್ನೇನು ಭಯ?"

ಹೆದರಬೇಕಾದ ಸಂಗತಿ ಇದು. ಚಿರಾಪುಂಜಿಯ ದಾಖಲೆಗಳನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ ಗೊತ್ತಿಲ್ಲದ ವಿಷಯ: ಒಂದು ದಿನದ ಮಳೆಯ ವಿಶ್ವದಾಖಲೆ ರೀಯೂನಿಯನ್‌ನದು. 1966ರ ಜನವರಿಯಲ್ಲಿ ಫೋಕ್ ಫೋಕ್ ಎಂಬಲ್ಲಿ 24 ಗಂಟೆಗಳಲ್ಲಿ 1,825 ಮಿ.ಮೀ. ಸುರಿಯಿತು. 2007ರ ಫೆಬ್ರವರಿಯಲ್ಲಿ ಗಮೇದ್ ಚಂಡಮಾರುತ ಬಂದಾಗ ಕಾಮರ್ಸನ್ ಕುಳಿಯ ಬಳಿ ಮೂರೇ ದಿನಕ್ಕೆ 3,900 ಮಿ.ಮೀ. ದಾಟಿತು. ಆಗುಂಬೆಯಲ್ಲಿ ಇಡೀ ವರ್ಷ ಬೀಳುವ ಮಳೆಯ ಅರ್ಧಕ್ಕೂ ಹೆಚ್ಚು!

ಇಷ್ಟು ನೀರು ಕಡಿದಾದ ಪರ್ವತದ ಮೇಲೆ ಬಿದ್ದರೆ ನಿಲ್ಲುವುದೆಲ್ಲಿ? ಹೊಳೆಗಳು ಗಿಡ್ಡ, ಇಳಿಜಾರು ಜೋರು. ಮೇಲೆಲ್ಲೋ ಮೋಡದೊಳಗೆ ಸುರಿದ ಮಳೆ, ಬಿಸಿಲಲ್ಲಿ ನಿಂತವರ ಕಾಲಬುಡಕ್ಕೆ ನಿಮಿಷಗಳಲ್ಲಿ ಬಂದು ಮುಟ್ಟುತ್ತದೆ. ಎರಡೂ ಕಡೆ ಗೋಡೆಯಂಥ ಬಂಡೆ, ಹತ್ತಿ ನಿಲ್ಲಲು ಜಾಗವಿಲ್ಲ. ಹಾಗಾಗಿ ಮಾರ್ಗದರ್ಶಿ ಆಕಾಶವನ್ನು ನೋಡಿದಷ್ಟೇ ನೀರನ್ನೂ ನೋಡುತ್ತಿರುತ್ತಾನೆ. ತಿಳಿನೀರು ಕಂದಾಗುವುದು, ಕಡ್ಡಿ-ಎಲೆ ತೇಲಿ ಬರತೊಡಗುವುದು, ಜಲಪಾತದ ಸದ್ದು ದಪ್ಪವಾಗುವುದು, ಎಲ್ಲವೂ ಅವನಿಗೆ ಸುದ್ದಿ. ನೋಡುವುದು ಅವನೊಬ್ಬನ ಕೆಲಸ ಎಂದುಕೊಳ್ಳಬೇಡಿ. ಬಣ್ಣ ಬದಲಾದದ್ದು ನಿಮಗೆ ಮೊದಲು ಕಂಡರೆ ಕೂಗಿ ಹೇಳಿ, ಸಂಕೋಚಕ್ಕೆ ಅದು ಜಾಗವಲ್ಲ.

ಮಳೆಯಿಲ್ಲದೆಯೂ ನೀರು ಏರುವುದುಂಟು. ಪೂರ್ವದ ತಕಮಕಾ ಕಣಿವೆಯಲ್ಲಿ ಜಲವಿದ್ಯುತ್ ಅಣೆಕಟ್ಟುಗಳಿವೆ. ಅಲ್ಲಿಗೆ ಇಳಿಯುವ ಮುನ್ನ ಹವಾಮಾನದ ಜೊತೆ ಅಣೆಕಟ್ಟಿನ ಸ್ಥಿತಿಯನ್ನೂ ವಿಚಾರಿಸಬೇಕು.

ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಮತ್ತು ಚಂಡಮಾರುತದ ಕಾಲ. ಮೇಯಿಂದ ಅಕ್ಟೋಬರ್‌ವರೆಗೆ ಒಣ ಋತು. ನಮ್ಮ ಬೇಸಿಗೆ ರಜೆಯ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ, ಭೂಮಧ್ಯರೇಖೆಯ ಆಚೆಗಿನ ಊರದು. ಸಮುದ್ರದಿಂದ ಬೀಸುವ ಗಾಳಿ ಪೂರ್ವದ ಮಗ್ಗುಲಿಗೆ ಬಡಿದು ಅಲ್ಲೇ ಮಳೆ ಚೆಲ್ಲುತ್ತದೆ, ಪಶ್ಚಿಮ ಒಣಗಿರುತ್ತದೆ. ಹೀಗಾಗಿ ಬೆಳಿಗ್ಗೆ ಎದ್ದಾಗ ಮಾರ್ಗದರ್ಶಿ ಕೊರಕಲನ್ನೇ ಬದಲಾಯಿಸಿಬಿಡಬಹುದು, ಇಡೀ ದಿನವನ್ನೇ ರದ್ದು ಮಾಡಲೂಬಹುದು. "ಇಷ್ಟು ದೂರ ಬಂದಿದ್ದೇವಲ್ಲ, ಸ್ವಲ್ಪ ನೋಡಿ" ಎಂದು ದುಂಬಾಲು ಬೀಳುವ ಚಾಳಿ ನಮ್ಮವರಲ್ಲಿದೆ. ಹಾಗೆ ಒತ್ತಾಯಕ್ಕೆ ಮಣಿಯುವ ಮಾರ್ಗದರ್ಶಿ ಸಿಕ್ಕರೆ ಅವನ ಜೊತೆ ಹೋಗದಿರುವುದೇ ಕ್ಷೇಮ.

"ತೋಳಿನಲ್ಲಿ ಕಸುವು ಬೇಕು, ಹಗ್ಗದ ಮೇಲೆ ನಂಬಿಕೆ ಬೇಕು"

ಕಸುವಿನ ಮಾತು ಸುಳ್ಳು. ಹಗ್ಗದ ಇಳಿತದಲ್ಲಿ ತೂಕವನ್ನು ಹೊರುವುದು ಸೊಂಟಕ್ಕೆ ಕಟ್ಟಿದ ಹಾರ್ನೆಸ್. ವೇಗವನ್ನು ತಡೆಯುವುದು ಎಂಟರ ಆಕಾರದ ಲೋಹದ ಬಳೆಯಲ್ಲಿ ಸುತ್ತಿ ಬರುವ ಹಗ್ಗದ ಘರ್ಷಣೆ. ಕೈಗಿರುವ ಕೆಲಸ ಒಂದೇ, ಕೆಳಗಿನ ಹಗ್ಗವನ್ನು ತೊಡೆಯ ಪಕ್ಕದಲ್ಲಿ ಹಿಡಿದು ಮೆಲ್ಲಗೆ ಬಿಡುವುದು.

ಕಷ್ಟವೇನಿದ್ದರೂ ಮೊದಲ ಹೆಜ್ಜೆಯಲ್ಲಿ. ಅಂಚಿಗೆ ಬಂದು ಪ್ರಪಾತಕ್ಕೆ ಬೆನ್ನು ಹಾಕಿ ನಿಂತ ಕೂಡಲೇ ದೇಹ ಬಂಡೆಯನ್ನು ತಬ್ಬಿಕೊಳ್ಳಲು ನೋಡುತ್ತದೆ. ಮೊಣಕಾಲು ಮಡಚುತ್ತದೆ, ಎದೆ ಮುಂದೆ ವಾಲುತ್ತದೆ, ಎಡಗೈ ಮೇಲಿನ ಹಗ್ಗವನ್ನು ಬೆರಳು ಬೆಳ್ಳಗಾಗುವಷ್ಟು ಹಿಂಡುತ್ತದೆ. ಹಾಗೆ ಮುಂದೆ ವಾಲಿದರೆ ಪಾದಕ್ಕೆ ಬಂಡೆಯ ಹಿಡಿತ ತಪ್ಪಿ ಜಾರುತ್ತದೆ, ಮೊಣಕಾಲು ಹೋಗಿ ಬಡಿಯುತ್ತದೆ. ಮನಸ್ಸು ಬೇಡವೆಂದರೂ ಹಿಂದಕ್ಕೆ ಒರಗಬೇಕು, ಕುರ್ಚಿಯಲ್ಲಿ ಕೂತಂತೆ. ಕಾಲು ಅಗಲಿಸಿ, ಪಾದ ಪೂರ್ತಿ ಬಂಡೆಗೆ ಊರಿದರೆ ಸಾಕು, ನಾಲ್ಕನೆಯ ಹೆಜ್ಜೆಗೆ ದೇಹವೇ ಒಪ್ಪಿಕೊಳ್ಳುತ್ತದೆ. ಅರ್ಧದಲ್ಲಿ ಕೈಕಾಲು ಮರಗಟ್ಟಿ ನಿಂತುಬಿಟ್ಟರೂ ಗಾಬರಿ ಬೇಕಿಲ್ಲ. ಹಗ್ಗವನ್ನು ಮೇಲಿನಿಂದಲೇ ಸಡಿಲಿಸಿ ಇಳಿಸಲು ಬರುವಂತೆ ಮಾರ್ಗದರ್ಶಿ ಮೊದಲೇ ಕಟ್ಟಿರುತ್ತಾನೆ.

ಇನ್ನು ಹಗ್ಗ ಕಿತ್ತು ಬರುವುದು. ಒಂದೂವರೆ ಟನ್ನಿಗೂ ಮಿಕ್ಕ ಭಾರ ತಾಳುವ ಹಗ್ಗಕ್ಕೆ ನಿಮ್ಮ ಎಂಬತ್ತು ಕಿಲೋ ಲೆಕ್ಕಕ್ಕಿಲ್ಲ. ಅದರ ವೈರಿ ಚೂಪಾದ ಅಂಚು. ಹಗ್ಗ ಅಲ್ಲಿ ಉಜ್ಜದಂತೆ ನೋಡಿಕೊಳ್ಳುವುದು ಮಾರ್ಗದರ್ಶಿಯ ಕಸುಬು. ಕೆಳಗೆ ನೋಡಿದಾಗ ಹಗ್ಗದ ತುದಿ ನೀರಿಗೆ ತಾಗಿ ಮುಗಿದಿರುವುದು ಕಂಡು, ತುದಿಯಲ್ಲಿ ಗಂಟೂ ಇಲ್ಲದ್ದು ಕಂಡು, ಬೆಟ್ಟ ಹತ್ತಿ ಅಭ್ಯಾಸವಿದ್ದವರೇ ಬೆಚ್ಚುತ್ತಾರೆ. ಅದು ಬೇಕೆಂದೇ ಮಾಡಿದ್ದು. ಜಲಪಾತದ ಬುಡದ ಸುಳಿಯಲ್ಲಿ ಉದ್ದನೆಯ ಹಗ್ಗ ಕಾಲಿಗೆ ತೊಡರಿದರೆ ಅದೇ ಯಮಪಾಶ. ಇಳಿದವರು ತುದಿಯಿಂದ ಸಲೀಸಾಗಿ ಕಳಚಿಕೊಂಡು ಈಜಿ ಹೋಗಬೇಕು.

ಹಗ್ಗದ ವಿಷಯದಲ್ಲಿ ಹೆಣ್ಣುಮಕ್ಕಳಿಗೆ (ಕೂದಲು ಬಿಟ್ಟ ಗಂಡಸರಿಗೂ) ಒಂದು ಮಾತು. ಹೆಲ್ಮೆಟ್ಟಿನಿಂದ ಹೊರಗೆ ನೇತಾಡುವ ಜಡೆ ಆ ಲೋಹದ ಬಳೆಯೊಳಗೆ ಹಗ್ಗದ ಜೊತೆ ಸಿಕ್ಕಿಕೊಳ್ಳಬಹುದು. ಜಡೆಯನ್ನು ವೆಟ್‌ಸೂಟಿನ ಕುತ್ತಿಗೆಯೊಳಗೆ ತುರುಕಿ. ಉಂಗುರ, ಬಳೆ, ಸರ ಎಲ್ಲ ಕೋಣೆಯಲ್ಲೇ ಇರಲಿ. ತಾಳಿ ತೆಗೆಯಲು ಮನಸ್ಸಾಗದಿದ್ದರೆ ಅದೂ ಸೂಟಿನ ಒಳಗೇ ಇರಲಿ.

"ಮಡು ಆಳವಾಗಿದೆ, ಜಿಗಿಯುವುದೇ ಸುಲಭ"

ವಿಡಿಯೊಗಳು ಹುಟ್ಟುಹಾಕಿದ ಭ್ರಮೆ. ಕಾಲು ಉಳುಕುವುದು, ಮೂಳೆ ಮುರಿಯುವುದು, ಬೆನ್ನುಹುರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಜಿಗಿತದಲ್ಲಿ. ಒಂದು ಚಂಡಮಾರುತ ಹಾದುಹೋದರೆ ಸಾಕು, ಕಳೆದ ವರ್ಷ ಆಳವಾಗಿದ್ದ ಮಡುವಿನಲ್ಲಿ ಜಲ್ಲಿ ತುಂಬಿರುತ್ತದೆ, ಇಲ್ಲವೇ ಹೊಸ ಬಂಡೆ ಬಂದು ಕೂತಿರುತ್ತದೆ. ಮಾರ್ಗದರ್ಶಿ ಮೊದಲು ಇಳಿದು ಆಳ ನೋಡಿ, ಬೀಳಬೇಕಾದ ಜಾಗ ತೋರಿಸಿದ ಮೇಲೇ ಜಿಗಿಯಬೇಕು. ಅದೂ ಕಾಲು ಜೋಡಿಸಿ, ನೆಟ್ಟಗೆ. ತಲೆ ಮುಂದೆ ಮಾಡಿ ಧುಮುಕುವ ಪ್ರಶ್ನೆಯೇ ಇಲ್ಲ. ಜಿಗಿಯಲಾರೆ ಅಂದವರಿಗೆ ಹಗ್ಗದಲ್ಲಿ ಇಳಿಯುವ ಅವಕಾಶ ಇದೆಯೇ ಎಂದು ಮುಂಗಡ ಕೊಡುವ ಮುನ್ನವೇ ಕೇಳಿ.

ಈಜು ಬಾರದವರ ಪಾಡೇನು? ವೆಟ್‌ಸೂಟ್ ತೇಲಿಸುತ್ತದೆ, ನಿಜ. ಆದರೆ ಜಲಪಾತ ಬೀಳುವಲ್ಲಿನ ನೊರೆನೀರಿನಲ್ಲಿ ಗಾಳಿಯೇ ತುಂಬಿರುವುದರಿಂದ ತೇಲುವ ಶಕ್ತಿ ಕುಗ್ಗುತ್ತದೆ. ಈಜು ಬರುವುದಿಲ್ಲವೆಂದು ಮೊದಲೇ ಹೇಳಿದರೆ ನೀರು ಕಡಿಮೆಯಿರುವ ಕೊರಕಲಿಗೆ ಕರೆದೊಯ್ಯುತ್ತಾರೆ.

"ಎತ್ತರ ಹೆಚ್ಚಿದ್ದಷ್ಟೂ ಕಠಿಣ"

ಫ್ರೆಂಚರು ಕೊರಕಲುಗಳಿಗೆ ಮೂರು ಅಂಕ ಕೊಡುತ್ತಾರೆ. ಕಡಿದಾದ ಇಳಿತಕ್ಕೆ ಒಂದು, ನೀರಿನ ಜೋರಿಗೆ ಒಂದು, ಎರಡೂ 1ರಿಂದ 7ರವರೆಗೆ. ಮೂರನೆಯದು ರೋಮನ್ ಅಂಕಿಯಲ್ಲಿ, 1ರಿಂದ 6: ಇಳಿಯಲು ಎಷ್ಟು ಹೊತ್ತು ಬೇಕು, ನಡುವೆ ಹೊರಬರಲು ದಾರಿ ಇದೆಯೇ ಎಂಬುದರ ಸೂಚನೆ. ಹೊಸಬರು ನೋಡುವುದು ಮೊದಲ ಅಂಕವನ್ನು. ತೂಗಿ ನೋಡಬೇಕಾದದ್ದು ಮೂರನೆಯದನ್ನು. ಜಲಪಾತ ಇಳಿದಾದ ಮೇಲೆ ಹಗ್ಗವನ್ನು ಕೆಳಗೆ ಎಳೆದುಕೊಳ್ಳುತ್ತಾರೆ. ಆ ಕ್ಷಣದಿಂದ ಹಿಂದಕ್ಕೆ ಹೋಗುವಂತಿಲ್ಲ. ಕುದುರೆಮುಖ ಹತ್ತಿದ, ಕುಮಾರಪರ್ವತ ಹತ್ತಿದ ಅನುಭವ ಇಲ್ಲಿ ಅರ್ಧವಷ್ಟೇ ಉಪಯೋಗಕ್ಕೆ ಬರುವುದು ಇದೇ ಕಾರಣಕ್ಕೆ. ಚಾರಣದಲ್ಲಿ ಸಾಕಾದರೆ ತಿರುಗಿ ಬರಬಹುದು, ಕೊರಕಲಿನಲ್ಲಿ ಮುಗಿಸಿಯೇ ಬರಬೇಕು. ತೀರಾ ಕೈಮೀರಿದರೆ ಪರ್ವತ ರಕ್ಷಣೆಯ ಪೊಲೀಸ್ ದಳ ಹೆಲಿಕಾಪ್ಟರಿನಲ್ಲಿ ಬರುತ್ತದೆ, ಮೋಡ ಕವಿದಿದ್ದರೆ ಅದೂ ಕಷ್ಟ.

ಮಾರ್ಗದರ್ಶಿ ಅಂದರೆ ದಾರಿ ತೋರಿಸುವ ಸ್ಥಳೀಯ ಹುಡುಗ ಎಂದುಕೊಂಡವರೂ ಇದ್ದಾರೆ. ಫ್ರಾನ್ಸಿನ ಕಾನೂನಿನಂತೆ ಹಣ ಪಡೆದು ಈ ಕೆಲಸ ಮಾಡಲು ಸರ್ಕಾರ ಮಾನ್ಯ ಮಾಡಿದ ಡಿಪ್ಲೊಮಾ ಬೇಕು, ವೃತ್ತಿ ಗುರುತಿನ ಚೀಟಿ ಬೇಕು. ತೋರಿಸಿ ಎಂದು ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಬೇಸರಿಸಿದರೆ ಬೇರೆಯವರನ್ನು ಹುಡುಕಿ.

"ಉಷ್ಣವಲಯದ ನೀರು, ಚಳಿ ಎಲ್ಲಿಂದ?"

ಸಿಲಾವೋಸ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿರುವುದರಿಂದ ಈ ನಂಬಿಕೆಗೆ ಒಂದಿಷ್ಟು ಆಧಾರವುಂಟು. ಆದರೆ ಊರು ಇರುವುದು 1,200 ಮೀಟರ್ ಎತ್ತರದಲ್ಲಿ, ಕೊರಕಲಿನ ನೀರು ಬರುವುದು ಅದಕ್ಕೂ ಮೇಲಿನಿಂದ, ಬಿಸಿಲು ತಳ ಮುಟ್ಟುವುದೂ ಅಪರೂಪ. ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ನೀರು ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ದಪ್ಪ ನಿಯೋಪ್ರೀನ್ ಸೂಟ್ ಕೊಡುವುದು ಅದಕ್ಕೇ. ಒಳಗೆ ಹತ್ತಿಯ ಟೀಶರ್ಟ್ ಹಾಕಿಕೊಂಡರೆ ಅದು ನೀರು ಕುಡಿದು ಇನ್ನಷ್ಟು ಚಳಿ ಹಿಡಿಸುತ್ತದೆ.

"ಕರಿಕಲ್ಲು ಗಟ್ಟಿ"

ಈ ಕಲ್ಲಿಗೂ ನಮಗೂ ನಂಟಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇದೇ ರೀಯೂನಿಯನ್ ಬಿಸಿತಾಣದ (ಭೂಗರ್ಭದಿಂದ ಶಿಲಾರಸ ಉಕ್ಕುವ ಜಾಗದ) ಮೇಲೆ ಭಾರತದ ಭೂಫಲಕ ಹಾದುಹೋಗುವಾಗ ಉಕ್ಕಿದ ಲಾವಾವೇ ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಎಂಬುದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರ ಅಭಿಪ್ರಾಯ. ವಿಜಯಪುರದ ಎರೆಮಣ್ಣು ಆ ಕಲ್ಲೇ ಸವೆದು ಆದದ್ದು. ಆದರೆ ರೀಯೂನಿಯನ್‌ನ ಗೋಡೆಗಳು ಒಂದೇ ಅಖಂಡ ಬಂಡೆಯಲ್ಲ. ಗಟ್ಟಿ ಲಾವಾದ ಪದರ, ಅದರಡಿಗೆ ಕಬ್ಬಿಣದ ಕಿಟ್ಟದಂಥ ಪುಡಿಪುಡಿ ಪದರ, ಮತ್ತೆ ಲಾವಾ. ಮೆತ್ತನೆಯದು ತೊಳೆದುಹೋದಾಗ ಮೇಲಿನದು ಕಳಚಿ ಬೀಳುತ್ತದೆ. ಊಟಕ್ಕೆ ಕೂತಾಗಲೂ ಹೆಲ್ಮೆಟ್ ತೆಗೆಯಬೇಡಿ ಎನ್ನುವುದು ಇದಕ್ಕೆ. ಒಣಗಿದ್ದಾಗ ಪಾದಕ್ಕೆ ಚೆನ್ನಾಗಿ ಹಿಡಿತ ಕೊಡುವ ಈ ಕಲ್ಲು ಪಾಚಿ ಕಟ್ಟಿದರೆ ಎಣ್ಣೆ ಸವರಿದಂತಿರುತ್ತದೆ.

"ಬೆಟ್ಟದ ನೀರು ಗಂಗೆಯಷ್ಟು ಶುದ್ಧ"

ಬೊಗಸೆಯಲ್ಲಿ ಎತ್ತಿ ಕುಡಿಯುವ ಆಸೆ ಯಾರಿಗಾದರೂ ಆದೀತು. ದ್ವೀಪದಲ್ಲಿ ಇಲಿಜ್ವರವಿದೆ, ನಮ್ಮ ಕರಾವಳಿ, ಮಲೆನಾಡಿನ ಗದ್ದೆಗಳಲ್ಲಿ ಬರುವ ಅದೇ ಲೆಪ್ಟೊಸ್ಪೈರೋಸಿಸ್. ಇಲಿ ಮುಂತಾದ ಪ್ರಾಣಿಗಳ ಮೂತ್ರ ಸೇರಿದ ನೀರಿನಿಂದ, ತರಚಿದ ಚರ್ಮದ ಮೂಲಕ, ಕಣ್ಣು-ಬಾಯಿಯ ಮೂಲಕ ಅದು ಮೈ ಸೇರುತ್ತದೆ. ಗಾಯವಿದ್ದರೆ ನೀರು ತಾಗದಂತೆ ಮುಚ್ಚಿಕೊಳ್ಳಿ, ಕುಡಿಯುವ ನೀರು ಬಾಟಲಿಯಲ್ಲಿ ಒಯ್ಯಿರಿ, ಮೇಲೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ. ಲಕ್ಷಣ ಕಾಣಿಸಿಕೊಳ್ಳಲು ಎರಡು ದಿನವೂ ಸಾಕು, ನಾಲ್ಕು ವಾರವೂ ಬೇಕಾದೀತು. ಅಷ್ಟರಲ್ಲಿ ನೀವು ಬೆಂಗಳೂರಿಗೆ ಮರಳಿ ಕೆಲಸಕ್ಕೆ ಹೋಗುತ್ತಿರುತ್ತೀರಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರು ಮೊದಲು ಡೆಂಗಿ ಎಂದೇ ಶಂಕಿಸಬಹುದು. ಕೊರಕಲಿನ ನೀರಲ್ಲಿ ಈಜಿ ಬಂದಿದ್ದೇನೆಂದು ಅವರು ಕೇಳುವ ಮೊದಲೇ ಹೇಳಿಬಿಡಿ.