ಕೈ ಜಿಪಿಎಸ್: ನೆಲಕ್ಕೆ ತಕ್ಕ ಆಯ್ಕೆ

ಸ್ಥಳದ ಅಕ್ಷಾಂಶ-ರೇಖಾಂಶ ದಾಖಲಿಸುವ ಕೈ ಜಿಪಿಎಸ್ ಆರಿಸುವಾಗ ಮೊದಲು ಕೆಲಸದ ನೆಲವನ್ನು ನೋಡಬೇಕು. ಕೊಟ್ಟೂರು, ಹರಪನಹಳ್ಳಿಯ ಬಯಲು ಹೊಲಗಳಲ್ಲಿ, ಹಡಗಲಿಯ ತುಂಗಭದ್ರೆಯ ದಂಡೆಯಲ್ಲಿ ಆಕಾಶ ತೆರೆದಿರುತ್ತದೆ. ಅಲ್ಲಿಗೆ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್‌ನಂಥ ಸರಳ ಯಂತ್ರವೇ ಸಾಕು. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 25 ಗಂಟೆ ನಡೆಯುತ್ತದೆ. ಸೆಲ್ಲು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಬಯಲಲ್ಲಿ ಸಾಮಾನ್ಯವಾಗಿ 3ರಿಂದ 5 ಮೀಟರ್ ವ್ಯತ್ಯಾಸ ಬರಬಹುದು. ಕೆರೆ, ಕೊಳವೆಬಾವಿ, ಶಾಸನದ ಕಲ್ಲು ಗುರುತಿಸಲು ಇಷ್ಟು ನಡೆಯುತ್ತದೆ, ಹೊಲದ ಬದುವಿನ ತಕರಾರು ಬಿಡಿಸಲು ನಡೆಯದು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಮಾತೇ ಬೇರೆ. ಉಪಗ್ರಹದ ಸಂಕೇತ ಅಲ್ಲಿನ ಹೆಬ್ಬಂಡೆಗಳಿಗೆ ಬಡಿದು ಸುತ್ತಿ ಬಂದಾಗ ದೂರದ ಲೆಕ್ಕ ಕೆಡುತ್ತದೆ. ಎಲ್1, ಎಲ್5 ಎರಡೂ ಆವರ್ತನ ಹಿಡಿಯುವ ಜಿಪಿಎಸ್‌ಮ್ಯಾಪ್ 65ಎಸ್‌ನಂಥ ಯಂತ್ರಕ್ಕೆ ಹೆಚ್ಚು ಹಣ ಕೊಡುವುದು ಇಲ್ಲಿ ನಿಜಕ್ಕೂ ಸಾರ್ಥಕ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2024ರಲ್ಲಿ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿ ಸೇರಿದ ಹಕ್ಕಿತಾಣ. ಅಂಥ ಕೆರೆಯಂಗಳಕ್ಕೆ ಐಪಿಎಕ್ಸ್7 ಗುರುತಿನ, ನೀರು ತಡೆಯುವ ಯಂತ್ರವೇ ಬೇಕು.

ಯಾವುದನ್ನೇ ಕೊಂಡರೂ ಡೇಟಮ್ (ಅಳತೆಯ ಆಧಾರ) ಡಬ್ಲ್ಯೂಜಿಎಸ್ 84 ಇರಲಿ, ಡಿಗ್ರಿಯ ದಶಮಾಂಶದ ಮುಂದೆ ಐದು ಅಂಕಿ ಬರೆದುಕೊಳ್ಳಬೇಕು; ಐದನೆಯ ಅಂಕಿಯ ಬೆಲೆ ಸುಮಾರು 1 ಮೀಟರ್. ಮೀಟರ್ ಲೆಕ್ಕದ ಯುಟಿಎಂ ಜಾಲ ಬಳಸುವವರಿಗೆ ಇಲ್ಲಿ ಹೇಳಿದ ಐದೂ ತಾಲ್ಲೂಕು ಬರುವುದು 43 ಉತ್ತರ ವಲಯದಲ್ಲಿ.